ಓದುಗರ ಪ್ರಶ್ನೆ: ಬೀಳು ಹೊಲ, ಮುಯ್ಯಾಳು, ರೇಷನ್ ರಾಗಿ

ಪ್ರಶ್ನೆ: ನಮ್ಮೂರಿನ ಅರ್ಧ ಹೊಲ ಬೀಳು ಬಿದ್ದಿದೆ. ಹೊಲದ ಯಜಮಾನರೆಲ್ಲ ಬೆಂಗಳೂರು ಸೇರಿದ್ದಾರೆ. ನಾವು ಒಂಬತ್ತು ಜನ ಹೆಂಗಸರು ಸೇರಿ ಅದರಲ್ಲಿ ರಾಗಿ ಬೆಳೆಯಬೇಕು ಅಂತಿದ್ದೇವೆ. ಎಲ್ಲಿಂದ ಶುರು ಮಾಡುವುದು?
– ಸ್ತ್ರೀಶಕ್ತಿ ಸಂಘದ ಸದಸ್ಯೆ, ತಿಪಟೂರು ತಾಲ್ಲೂಕು

ಉತ್ತರ: ಒಂದು ನೋಟ್‌ಬುಕ್‌ನಿಂದ ಶುರು ಮಾಡಿ ಅಕ್ಕ. ಬೀಜ, ಗೊಬ್ಬರ ಆಮೇಲೆ.

ನಾವು ಹನ್ನೊಂದು ಮನೆಯವರು ಸೇರಿ ನಾಲ್ಕು ಎಕರೆ ಮಾಡುತ್ತಿದ್ದೇವೆ. ಮೊದಲ ವರ್ಷ ಎಲ್ಲರಿಗೂ ಸಮಪಾಲು ಎಂದು ಬಾಯಲ್ಲಿ ಮಾತಾಡಿಕೊಂಡೆವು. ಕಳೆ ಕೀಳುವ ಹೊತ್ತಿಗೆ ಮೂವರು ಬರಲಿಲ್ಲ. ಒಬ್ಬಳಿಗೆ ಬಾಣಂತನ, ಒಬ್ಬಳಿಗೆ ಗಾರ್ಮೆಂಟ್ ಕೆಲಸ, ಇನ್ನೊಬ್ಬಳಿಗೆ ಸುಮ್ನೆ ಬೇಜಾರು. ಕಣದಲ್ಲಿ ರಾಶಿ ಮುಂದೆ ನಿಂತಾಗ ಜಗಳ ಆಗದೇ ಇರುತ್ತದಾ? ಮಾರನೇ ವರ್ಷ ನನ್ನ ಅತ್ತೆ ಹಳೇ ಮುಯ್ಯಾಳಿನ ಲೆಕ್ಕ ನೆನಪಿಸಿದರು. ಇವತ್ತು ನೀನು ನನ್ನ ಹೊಲಕ್ಕೆ, ನಾಳೆ ನಾನು ನಿನ್ನ ಹೊಲಕ್ಕೆ. ಅದನ್ನೇ ಬರೆದಿಡಲು ಶುರು ಮಾಡಿದೆವು. ಅರ್ಧ ದಿನದ ಕೆಲಸಕ್ಕೆ ಒಂದು ಗೀಟು. ಪುಸ್ತಕ ಉಗ್ರಾಣದ ಬಾಗಿಲ ಮೊಳೆಗೆ ನೇತಾಡುತ್ತಿರುತ್ತದೆ, ಯಾರು ಬೇಕಾದರೂ ತೆಗೆದು ನೋಡಬಹುದು. ಬರಲಾಗದವಳು ಮಗನನ್ನೋ ಗಂಡನನ್ನೋ ಕಳಿಸಿದರೂ ಗೀಟು ಅವಳ ಹೆಸರಿಗೇ. ರಾಶಿ ಅಳೆಯುವಾಗ ಗೀಟು ಎಣಿಸಿ ಪಾಲು. ಅಂದಿನಿಂದ ಜಗಳ ಇಲ್ಲ ಅಂತ ಹೇಳುವುದಿಲ್ಲ, ಆದರೆ ಯಾರೂ ಬಿಟ್ಟು ಹೋಗಿಲ್ಲ.

ಬೆಳೆಯ ಮಾತು. ಮಳೆ ನಂಬಿಕೊಂಡ ಹೊಲವಾದರೆ ಅಕ್ಕಡಿ ಸಾಲು ಬಿಡಬೇಡಿ. ರಾಗಿ ನಡುವೆ ಅವರೆ, ತೊಗರಿ, ಹುಚ್ಚೆಳ್ಳು ಹಾಕಿ. ರಾಗಿ ಕೈಕೊಟ್ಟ ವರ್ಷ ನಮ್ಮನ್ನು ಕಾದದ್ದು ಅವರೆಕಾಳು. ಅರ್ಧ ಎಕರೆಯಲ್ಲಿ ಹಾವೇರಿ ಕಡೆಯವರ ಗುಳಿ ರಾಗಿ ಮಾಡಿ ನೋಡಿ. ಉದ್ದಕ್ಕೂ ಅಡ್ಡಕ್ಕೂ ಒಂದೂವರೆ ಅಡಿಗೆ ಗೆರೆ, ಗೆರೆ ಕೂಡಿದಲ್ಲಿ ಗುಳಿ, ಗುಳಿಗೆ ಹಿಡಿ ಗೊಬ್ಬರ, ಎರಡು ಪೈರು. ಬೇರು ಹಿಡಿದ ಮೇಲೆ ಹೊಲದ ತುಂಬ ಕೊರಡು ಎಳೆಯುತ್ತಾರೆ. ಎಳೆ ಪೈರು ಮಲಗುವುದು ನೋಡಿದರೆ ಎದೆ ಧಸಕ್ ಅನ್ನುತ್ತದೆ. ವಾರದಲ್ಲಿ ಎದ್ದು ಬುಡದಿಂದ ತೆಂಡೆ, ಅಂದರೆ ಹೊಸ ಕವಲು, ಒಡೆಯುತ್ತದೆ. ಇದಕ್ಕೆ ಆಳು ಜಾಸ್ತಿ ಬೇಕು, ಒಂಟಿ ಮನೆಯವರಿಗೆ ಆಗದ ಕೆಲಸ. ಗುಂಪಿಗೆ ಹೇಳಿ ಮಾಡಿಸಿದಂತಿದೆ.

ಇನ್ನು ನಾವು ಎಡವಿದ ಜಾಗ. 2022ರ ಸುಗ್ಗಿಯಲ್ಲಿ ಮನೆಗೆ ಇಟ್ಟುಕೊಂಡು 14 ಕ್ವಿಂಟಲ್ ಮಿಕ್ಕಿತು. ಆ ಸಾಲಿನ ಬೆಂಬಲ ಬೆಲೆ ಕ್ವಿಂಟಲಿಗೆ 3,578 ರೂಪಾಯಿ. ಖರೀದಿ ಕೇಂದ್ರಕ್ಕೆ ಹೋದರೆ ಫ್ರೂಟ್ಸ್ ನಂಬರ್, ಅಂದರೆ ಸರ್ಕಾರದ ರೈತ ನೋಂದಣಿ ನಂಬರ್ ಕೇಳಿದರು. ಆ ನಂಬರ್ ಪಹಣಿಯಲ್ಲಿ ಹೆಸರಿದ್ದವರಿಗೆ. ನಮ್ಮ ಹೊಲದ ಪಹಣಿ ಇದ್ದದ್ದು ಬೆಂಗಳೂರಿನಲ್ಲಿರುವ ಯಜಮಾನರ ಹೆಸರಲ್ಲಿ. ಉತ್ತವರು, ಬಿತ್ತವರು, ಕುಯ್ದವರು ಎದುರಿಗೇ ನಿಂತಿದ್ದೇವೆ, ಆದರೆ ಲೆಕ್ಕದಲ್ಲಿ ಇಲ್ಲ. ಕೊನೆಗೆ ವ್ಯಾಪಾರಿಗೆ 2,600ಕ್ಕೆ ಹಾಕಿ ಬಂದೆವು. ಆ ದಿನ ಟೆಂಪೋದಲ್ಲಿ ಯಾರೂ ಮಾತಾಡಲಿಲ್ಲ.

ಅದಕ್ಕೇ ಹೇಳುವುದು, ಬಿತ್ತುವ ಮುಂಚೆಯೇ ಯಜಮಾನರನ್ನು ಗುಂಪಿನ ಸದಸ್ಯರನ್ನಾಗಿ ಮಾಡಿಕೊಳ್ಳಿ. ನೋಂದಣಿ ಅವರ ಹೆಸರಲ್ಲೇ ಆಗಲಿ. ದುಡ್ಡು ಬಂದಾಗ ಹೇಗೆ ಹಂಚಬೇಕು ಎಂದು ಸಾಕ್ಷಿ ಸಮೇತ ಬರೆಸಿಕೊಳ್ಳಿ. ಈಗ ನಾವು ಹಾಗೇ ಮಾಡುತ್ತೇವೆ, 2025-26ರಲ್ಲಿ ಬೆಂಬಲ ಬೆಲೆ 4,886 ಇತ್ತು. ಗೇಣಿ ಎಂದರೆ ಯಜಮಾನರು ಹೆದರುತ್ತಾರೆ, ಅದೂ ಸಹಜ. 1974ರ ಭೂಸುಧಾರಣೆ ಉಳುವವನಿಗೆ ಹೊಲ ಕೊಟ್ಟಿತು. ನನ್ನ ಅಜ್ಜನಿಗೆ ಒಂದೂವರೆ ಎಕರೆ ಬಂದದ್ದು ಹಾಗೇ, ಆ ಕಾನೂನನ್ನು ನಾನು ಯಾವತ್ತೂ ಹಳಿಯುವುದಿಲ್ಲ. ಆದರೆ ಹೊಲ ಕೈತಪ್ಪೀತು ಎಂಬ ಭಯಕ್ಕೆ ಇವತ್ತು ಎಷ್ಟೋ ಎಕರೆ ಬೀಳು ಬಿದ್ದಿದೆ. ಹಕ್ಕು ಯಜಮಾನರದ್ದೇ ಇರಲಿ, ಬೆಳೆದವರು ಈ ಗುಂಪಿನವರು ಎಂದು ಒಂದು ಚೀಟಿ ಪಂಚಾಯಿತಿ ಕೊಡಲಿ, ಖರೀದಿ ಕೇಂದ್ರ ಅದನ್ನು ಒಪ್ಪಲಿ. ಗ್ರಾಮಸಭೆಯಲ್ಲಿ ನಾನು ಇದನ್ನು ಮೂರು ಸಲ ಕೇಳಿದ್ದೇನೆ. ನೀವೂ ನಿಮ್ಮೂರಲ್ಲಿ ಕೇಳಿ.

ಪ್ರಶ್ನೆ: ಸರ್ಕಾರದ ಗೋದಾಮು ಅಕ್ಕಿ, ಗೋಧಿಯಿಂದ ತುಂಬಿದೆ. ಹಾಗಿದ್ದ ಮೇಲೆ ನಾಲ್ಕಾರು ಎಕರೆಯ ಗುಂಪು ಬೇಸಾಯದಿಂದ ದೇಶದ ಆಹಾರ ಭದ್ರತೆಗೆ ಏನು ಆಗುತ್ತದೆ?
– ಬಿ.ಎಸ್ಸಿ. ವಿದ್ಯಾರ್ಥಿ, ದಾವಣಗೆರೆ

ಉತ್ತರ: ಒಳ್ಳೆಯ ಪ್ರಶ್ನೆ ತಮ್ಮ. 2013ರ ಆಹಾರ ಭದ್ರತೆ ಕಾಯ್ದೆ ಓದಿ ನೋಡು. ಅಕ್ಕಿ ಕಿಲೋಗೆ 3 ರೂಪಾಯಿ, ಗೋಧಿ 2, ಸಿರಿಧಾನ್ಯ 1 ಎಂದು ಅದರಲ್ಲೇ ಬರೆದಿದ್ದರು. 2023ರಿಂದ ಅದೂ ಪುಕ್ಕಟೆ. ಅಂದರೆ ರಾಗಿ, ಜೋಳಕ್ಕೆ ಕಾಗದದಲ್ಲಿ ಜಾಗ ಇತ್ತು, ಚೀಲದಲ್ಲಿ ಇರಲಿಲ್ಲ. ನಮ್ಮ ರಾಜ್ಯದಲ್ಲಿ ದಕ್ಷಿಣದ ಜಿಲ್ಲೆಗಳಿಗೆ ರಾಗಿ, ಉತ್ತರಕ್ಕೆ ಜೋಳ ಕೊಡಲು ಶುರು ಮಾಡಿದ ಮೇಲೆಯೇ ನಮ್ಮಂಥವರ ಕಣಕ್ಕೂ ಒಂದು ಗಿರಾಕಿ ಸಿಕ್ಕಿದ್ದು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದರ ಇಪ್ಪತ್ತನೇ ಒಂದು ಭಾಗವೂ ಇಲ್ಲ. ಬರೀ ಅನ್ನ ಉಂಡ ಬಾಣಂತಿಯ ಹೊಟ್ಟೆ ತುಂಬುತ್ತದೆ, ಮೂಳೆಗೆ ಏನು ಸಿಕ್ಕಿತು?

ಬೀದರಿನ ಪಕ್ಕದ ಜಹೀರಾಬಾದಿನಲ್ಲಿ ಬಡ ಹೆಂಗಸರ ಸಂಘಗಳು 1990ರ ದಶಕದಲ್ಲೇ ಇದನ್ನು ಮಾಡಿ ತೋರಿಸಿದವು. ಬೀಳು ಹೊಲಕ್ಕೆ ಸಾಲ ಕೊಟ್ಟರು, ಸಾಲವನ್ನು ಜೋಳದ ರೂಪದಲ್ಲಿ ವಾಪಸ್ ಪಡೆದರು, ಆ ಜೋಳ ಊರಲ್ಲೇ ಇಟ್ಟು ಮಳೆಗಾಲದಲ್ಲಿ ಊರಿನ ಬಡವರಿಗೇ ಕಡಿಮೆ ಬೆಲೆಗೆ ಕೊಟ್ಟರು. ಯಾರು ಬಡವರು ಅಂತ ತೀರ್ಮಾನಿಸಿದ್ದೂ ಊರಿನವರೇ. ಒಡಿಶಾ ಸರ್ಕಾರ 2017ರಲ್ಲಿ ಸಿರಿಧಾನ್ಯ ಮಿಷನ್ ಶುರು ಮಾಡಿ, ರೈತರಿಂದ ರಾಗಿ ಕೊಂಡು ಪಡಿತರಕ್ಕೆ ಹಾಕಿತು, ಅಂಗನವಾಡಿ ಮಕ್ಕಳಿಗೆ ರಾಗಿ ಲಾಡು ಕೊಟ್ಟಿತು. ಕೇರಳದ ಕುಟುಂಬಶ್ರೀ ಹೆಂಗಸರ ಗುಂಪುಗಳು ಬೇರೆಯವರ ಹೊಲದಲ್ಲೇ ಭತ್ತ, ಬಾಳೆ, ತರಕಾರಿ ಬೆಳೆಯುತ್ತವೆ, ಬೆನ್ನಿಗೆ ಪಂಚಾಯಿತಿ ನಿಲ್ಲುತ್ತದೆ. ಕೊಳ್ಳುವವರಿಲ್ಲದೆ ಗುಂಪು ಎರಡು ವರ್ಷ ಬಾಳುವುದಿಲ್ಲ ತಮ್ಮ. ಗುಂಪಿಲ್ಲದ ಕಡೆ ಸರ್ಕಾರ ಕೊಂಡರೆ ಲಾಭ ದಲ್ಲಾಳಿಗೆ. ನಾನು ಎರಡನ್ನೂ ಕಣ್ಣಾರೆ ಕಂಡಿದ್ದೇನೆ.

ಪ್ರಶ್ನೆ: ಮನೆಯಲ್ಲಿ ಕಾದಿಟ್ಟ ರಾಗಿ ಬೀಜ ಪಕ್ಕದೂರಿಗೆ ಮಾರಿದರೆ ತಪ್ಪಾ?
– ರೈತ, ಚನ್ನರಾಯಪಟ್ಟಣ

ಉತ್ತರ: ತಪ್ಪಿಲ್ಲ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆ ಬೀಜ ಉಳಿಸುವ, ಬಿತ್ತುವ, ಬದಲಾಯಿಸುವ, ಮಾರುವ ಹಕ್ಕನ್ನು ರೈತರಿಗೆ ಕೊಟ್ಟಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೇ.

ಪ್ರಶ್ನೆ: ನಮ್ಮ ಹಟ್ಟಿಯಲ್ಲಿ ತಾತನ ಕಾಲದ ಹಗೇವು (ಕಾಳು ಇಡುವ ನೆಲದಡಿಯ ಗುಂಡಿ) ಇದೆ. ಗುಂಪಿನ ರಾಗಿ ಅದರಲ್ಲಿ ಇಡಬಹುದಾ?
– ಓದುಗರು, ಕನಕಪುರ

ಉತ್ತರ: ನೆಲದಲ್ಲಿ ತೇವ ಇಲ್ಲದಿದ್ದರೆ ಖಂಡಿತ ಇಡಿ. ರಾಗಿ ಹಗೇವಿನಲ್ಲಿ ವರ್ಷಗಟ್ಟಲೆ ಕೆಡುವುದಿಲ್ಲ, ಹುಳ ಹತ್ತುವುದಿಲ್ಲ. ತಳಕ್ಕೂ ಸುತ್ತಲಿಗೂ ರಾಗಿ ಹುಲ್ಲು ಒತ್ತಿ ಹಾಸಿ, ಕಾಳು ಹಲ್ಲಿಗೆ ಕಟ್ ಅನ್ನುವಷ್ಟು ಒಣಗಿರಲಿ. ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿ. ಒಂದು ಮಾತು ಮಾತ್ರ ಮರೆಯಬೇಡಿ. ಮುಚ್ಚಿದ ಹಗೇವಿನಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ, ಇಳಿದವರು ಸತ್ತಿದ್ದಾರೆ. ತೆರೆದ ಮೇಲೆ ಇಡೀ ದಿನ ಹಾಗೇ ಬಿಡಿ. ಆಮೇಲೆ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಡಿ. ದೀಪ ಆರಿದರೆ ಯಾರನ್ನೂ ಇಳಿಸಬೇಡಿ. ಉರಿದರೂ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ಹಿಡಿದು ನಿಂತಿರಲಿ.