ವಾಹನ ಪ್ರಶ್ನೋತ್ತರ: ಸ್ಪೋರ್ಟ್ ಮೋಡ್ ಇರುವ ಕಾರಿಗೆ ಥ್ರಾಟಲ್ ಕಂಟ್ರೋಲರ್

ಪ್ರಶ್ನೆ: ಮಾನ್ಯರೇ, ನನ್ನ ಬಳಿ 2017ರ ಫೋರ್ಡ್ ಮಸ್ಟಾಂಗ್ ಜಿಟಿ ಇದೆ. ಎರಡು ವರ್ಷಗಳ ಹಿಂದೆ ಇನ್ನೊಬ್ಬರಿಂದ ಕೊಂಡದ್ದು. ನಾರ್ಮಲ್ ಮೋಡ್‌ನಲ್ಲಿ ಪೆಡಲ್ ತುಳಿದರೆ ಕಾರು ಒಂದು ಕ್ಷಣ ಆಲೋಚಿಸಿ ಹೊರಡುವಂತೆ ಅನಿಸುತ್ತಿದ್ದುದರಿಂದ, ಗೆಳೆಯರ ಮಾತು ಕೇಳಿ, ಪೆಡಲ್ಲನ್ನು ಚುರುಕಾಗಿಸುವ ಥ್ರಾಟಲ್ ಕಂಟ್ರೋಲರ್ ಎಂಬ ಪುಟ್ಟ ಪೆಟ್ಟಿಗೆ ಹಾಕಿಸಿದೆ. ನಾರ್ಮಲ್‌ನಲ್ಲಿ ಬಹಳ ಚೆನ್ನಾಗಿದೆ. ಆದರೆ ಸ್ಪೋರ್ಟ್ ಪ್ಲಸ್‌ಗೆ ಬದಲಿಸಿದರೆ ಕಾರು ಮುಂದಕ್ಕೆ ಹಾರುತ್ತದೆ. ನಂತೂರು ಸರ್ಕಲ್‌ನ ದಟ್ಟಣೆಯಲ್ಲಿ ನಿಧಾನವಾಗಿ ಸರಿಯುವುದೇ ಕಷ್ಟ. ಎರಡನ್ನೂ ಒಟ್ಟಿಗೆ ಬಳಸಬಹುದೇ? ಮಳೆಗಾಲದಲ್ಲಿ ಏನು ಮಾಡಬೇಕು?
– ಓದುಗರೊಬ್ಬರು, ಮಣಿಪಾಲ

ಉತ್ತರ: ಒಲೆಯ ಮುಂದಿದ್ದವರು ಒಮ್ಮೆ, ಬಡಿಸುವವರು ಮತ್ತೊಮ್ಮೆ ಉಪ್ಪು ಹಾಕಿದ ಗಂಜಿಯ ಸ್ಥಿತಿ ನಿಮ್ಮ ಕಾರಿನದು. ನಿಮ್ಮ ಆಕ್ಸಿಲರೇಟರ್ ಪೆಡಲ್‌ಗೂ ಎಂಜಿನ್‌ಗೂ ನಡುವೆ ಹಳೆಯ ಕಾರುಗಳಂತೆ ಉಕ್ಕಿನ ಕೇಬಲ್ ಇಲ್ಲ. ಪೆಡಲ್‌ನ ಸೆನ್ಸರ್ ಕಾಲು ಎಷ್ಟು ಇಳಿದಿದೆ ಎಂಬುದನ್ನು ವೋಲ್ಟೇಜ್ ರೂಪದಲ್ಲಿ ಇಸಿಯುಗೆ, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿಗೆ, ತಿಳಿಸುತ್ತದೆ. ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಕವಾಟವನ್ನು ಎಷ್ಟು ತೆರೆಯಬೇಕೆಂದು ನಿರ್ಧರಿಸುವುದು ಇಸಿಯು. ಡ್ರೈವ್ ಮೋಡ್ ಬದಲಾದಾಗ ಈ ಲೆಕ್ಕ ಇಸಿಯುವಿನ ಒಳಗೇ ಬದಲಾಗುತ್ತದೆ. ನೀವು ಹಾಕಿಸಿದ ಪೆಟ್ಟಿಗೆಯಾದರೋ ಇಸಿಯುಗಿಂತ ಮೊದಲೇ, ಪೆಡಲ್‌ನ ಕನೆಕ್ಟರ್‌ನಲ್ಲಿ ಕೂತು, ಬಂದ ಸಂಕೇತವನ್ನು ಹಿಗ್ಗಿಸಿ ಮುಂದಕ್ಕೆ ಕಳಿಸುತ್ತದೆ. ಕಾರು ಯಾವ ಮೋಡ್‌ನಲ್ಲಿದೆ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಉದಾಹರಣೆಗೆ, ನೀವು ಪೆಡಲ್ಲನ್ನು ಶೇ. 20ರಷ್ಟು ಒತ್ತಿದರೆ ಅದು ಶೇ. 40 ಎಂದು ಹೇಳಿತೆಂದುಕೊಳ್ಳಿ. ಸ್ಪೋರ್ಟ್ ಪ್ಲಸ್‌ನಲ್ಲಿರುವ ಇಸಿಯು ಆ 40ನ್ನೇ ಮತ್ತಷ್ಟು ಚುರುಕಾಗಿ ಅರ್ಥೈಸಿ ಶೇ. 60ರಷ್ಟು ತೆರೆಯಬಹುದು. ನಂತೂರಿನಲ್ಲಿ ಕಾರು ಹಾರುವುದಕ್ಕೆ ಇದೇ ಕಾರಣ.

ಇದರಿಂದ ಎಂಜಿನ್ನಿನ ಶಕ್ತಿ ಒಂದಿಷ್ಟೂ ಹೆಚ್ಚುವುದಿಲ್ಲ. ಪೆಡಲ್ಲನ್ನು ಪೂರ್ತಿ ತುಳಿದಾಗ ಕಂಟ್ರೋಲರ್ ಇದ್ದರೂ ಇಲ್ಲದಿದ್ದರೂ ಇಸಿಯುಗೆ ಸಿಗುವುದು ಅದೇ ಶೇ. 100. ಆ 5 ಲೀಟರ್ ವಿ8 ಎಂಜಿನ್ ಕೊಡುವುದೂ ಅಷ್ಟೇ. ಮೊದಲ ಒಂದಂಗುಲದಲ್ಲೇ ಎಲ್ಲವೂ ಮುಗಿದುಹೋಗುವುದರಿಂದ ಪೆಡಲ್‌ನ ಕೆಳಗಿನ ಅರ್ಧ ಸುಮ್ಮನೆ ಉಳಿಯುತ್ತದೆ, ಕಾಲಿಗೆ ಸಿಗಬೇಕಾದ ಸೂಕ್ಷ್ಮ ಹಿಡಿತ ಹೋಗುತ್ತದೆ. ನಿಮ್ಮದು ಆಟೋಮ್ಯಾಟಿಕ್ ಆದ್ದರಿಂದ ಇನ್ನೊಂದು ತೊಡಕೂ ಇದೆ: ಗೇರ್ ಯಾವಾಗ ಬದಲಾಗಬೇಕೆಂಬುದೂ ಪೆಡಲ್‌ನ ಸಂಕೇತವನ್ನು ಅವಲಂಬಿಸಿರುವುದರಿಂದ, ಚಾಲಕರಿಗೆ ಅವಸರವಿದೆ ಎಂದು ಗೇರ್‌ಬಾಕ್ಸ್ ಭಾವಿಸಿ ಕೆಳಗಿನ ಗೇರನ್ನೇ ಹಿಡಿದುಕೊಂಡಿರುತ್ತದೆ, ಪೆಟ್ರೋಲ್ ಬಂಕ್‌ನಲ್ಲಿ ಇದರ ಅರಿವಾಗುತ್ತದೆ.

ಮಳೆಗಾಲದ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ನಿಮ್ಮ ಕಾರಿನಲ್ಲಿ ನಾರ್ಮಲ್, ಸ್ಪೋರ್ಟ್ ಪ್ಲಸ್, ಟ್ರ್ಯಾಕ್‌ಗಳ ಜೊತೆಗೆ ಸ್ನೋ/ವೆಟ್ ಎಂಬ ಮೋಡ್ ಕೂಡ ಇದೆ. ನಮ್ಮ ಕರಾವಳಿಯಲ್ಲಿ ಹಿಮದ ಮಾತು ಎಲ್ಲಿಂದ ಬರಬೇಕು, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೇ ನಿಮ್ಮ ಮೋಡ್. ಅದು ಬೇಕೆಂದೇ ಪೆಡಲ್ಲನ್ನು ಮಂದಗೊಳಿಸುತ್ತದೆ, ಏಕೆಂದರೆ ಎಂಜಿನ್ನಿನ ಬಲವೆಲ್ಲ ಹಿಂದಿನ ಎರಡು ಚಕ್ರಗಳ ಮೂಲಕವೇ ರಸ್ತೆಗೆ ಇಳಿಯಬೇಕು. ಹೆಬ್ರಿ ದಾಟಿ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ, 14 ಹೇರ್‌ಪಿನ್ ತಿರುವುಗಳಲ್ಲಿ ಯಾವುದಾದರೊಂದರಲ್ಲಿ, ಎಲೆ ಕೊಳೆತು ಪಾಚಿ ಕಟ್ಟಿದ ಅಂಚಿನ ಮೇಲೆ ಹಿಂದಿನ ಚಕ್ರವಿರುವ ಹೊತ್ತಿಗೆ ಕಾಲು ಒಂದಿಷ್ಟು ಜಾಸ್ತಿ ಬಿತ್ತೆನ್ನಿ: ವೆಟ್ ಮೋಡ್ ತಗ್ಗಿಸಲು ಹೊರಟದ್ದನ್ನು ನಿಮ್ಮ ಪೆಟ್ಟಿಗೆ ಮತ್ತೆ ಎತ್ತಿ ಕೊಟ್ಟಿರುತ್ತದೆ. ಟ್ರ್ಯಾಕ್ ಮೋಡ್‌ನಲ್ಲಿ ಚಕ್ರ ಜಾರುವುದನ್ನು ತಡೆಯುವ ವ್ಯವಸ್ಥೆಯೂ ಸಡಿಲವಾಗುವುದರಿಂದ ಅಲ್ಲಿ ಕಂಟ್ರೋಲರ್‌ನ ಮಾತೇ ಬೇಡ.

ಹಾಗಾಗಿ, ಬಳಸಲೇಬೇಕೆಂದಿದ್ದರೆ ಅದನ್ನು ನಾರ್ಮಲ್‌ನಲ್ಲಿ ಮಾತ್ರ, ಅತಿ ಕಡಿಮೆ ಹಂತದಲ್ಲಿಟ್ಟು ಬಳಸಿ. ಉಳಿದ ಮೋಡ್‌ಗಳಿಗೆ ಹೋಗುವ ಮೊದಲು ಅದನ್ನು ಮೂಲ ಹಂತಕ್ಕೆ, ಅಂದರೆ ಸ್ಟಾಕ್‌ಗೆ, ತನ್ನಿ. ನನ್ನ ಅಭಿಪ್ರಾಯ ಕೇಳಿದರೆ, ಮೋಡ್‌ಗಳೇ ಇಲ್ಲದ, ಪೆಡಲ್ ತೀರಾ ಮಂದವಾಗಿರುವ ಸಣ್ಣ ಕಾರಿಗೆ ಇದು ಸರಿ. ಚುರುಕಾದ ಪೆಡಲ್ ಒಂದು ಸ್ವಿಚ್ಚಿನಷ್ಟು ದೂರದಲ್ಲಿರುವ ನಿಮ್ಮ ಕಾರಿಗೆ ಇದು ಅನಗತ್ಯ.

ನೀವು ಕೇಳದಿದ್ದರೂ ಒಂದು ಮಾತು. ಪೆಡಲ್‌ನಲ್ಲಿ ಒಂದಲ್ಲ, ಎರಡು ಸೆನ್ಸರ್‌ಗಳಿರುತ್ತವೆ. ಇಸಿಯು ಸದಾ ಅವೆರಡನ್ನೂ ತಾಳೆ ನೋಡುತ್ತದೆ. ಕಂಟ್ರೋಲರ್ ಹಾಕಿದ ಮೇಲೆ ಪೆಡಲ್‌ನ ಬುಡದಲ್ಲಿ ಕನೆಕ್ಟರ್‌ಗಳು ಒಂದರ ಬದಲು ಎರಡಾಗುತ್ತವೆ. ನೆನೆದ ಚಪ್ಪಲಿ, ನೀರು ಸೋರುವ ಕೊಡೆ, ಉಪ್ಪುಗಾಳಿ ಇವೆಲ್ಲದರ ನಡುವೆ ಅವುಗಳ ಪಿನ್‌ಗಳ ಮೇಲೆ ಹಸಿರು ಕಿಲುಬು ಹಿಡಿಯುವುದು ನಮ್ಮೂರಿನಲ್ಲಿ ಹೊಸತಲ್ಲ. ಎರಡು ಸೆನ್ಸರ್‌ಗಳ ವೋಲ್ಟೇಜ್ ತಾಳೆಯಾಗದಿದ್ದರೆ ಪಿ2138 ಎಂಬ ದೋಷಸಂಖ್ಯೆ ದಾಖಲಾಗಿ, ಕಾರು ಲಿಂಪ್ ಮೋಡ್‌ಗೆ, ಅಂದರೆ ಶಕ್ತಿಯನ್ನು ತಾನೇ ತಗ್ಗಿಸಿಕೊಳ್ಳುವ ಸುರಕ್ಷಾ ಸ್ಥಿತಿಗೆ, ಇಳಿದು ತೆವಳಬಹುದು. ನನ್ನ ಪರಿಚಯದವರೊಬ್ಬರ ಕಾರು ಹೀಗೆಯೇ ಪಡುಬಿದ್ರಿಯ ಬಳಿ ಹೆದ್ದಾರಿಯ ನಡುವೆ ಸೊರಗಿತ್ತು. ಪೆಟ್ಟಿಗೆ ಕಳಚಿ, ಮೂಲ ಕನೆಕ್ಟರನ್ನೇ ಸಿಕ್ಕಿಸಿ, ಕಾರನ್ನು ಆರಿಸಿ ಮತ್ತೆ ಸ್ಟಾರ್ಟ್ ಮಾಡಿದ ಮೇಲೆ ಸರಿಯಾಯಿತು. ನೀವೂ ಇಗ್ನಿಷನ್ ಆಫ್ ಮಾಡಿ, ಕೀಲಿಯನ್ನು ಕಾರಿನಿಂದ ದೂರವಿಟ್ಟು, ಕೆಲವು ನಿಮಿಷ ಕಾದು ಅದನ್ನು ಕಳಚಿ. ಮಳೆಯಿಲ್ಲದ ದಿನಗಳಲ್ಲಿ ಎರಡು ವಾರ ಸ್ಪೋರ್ಟ್ ಪ್ಲಸ್‌ನಲ್ಲಿ ಮಾತ್ರ ಓಡಿಸಿ ನೋಡಿ, ಬಳಿಕ ಅದನ್ನು ಮತ್ತೆ ಸಿಕ್ಕಿಸಬೇಕೆಂದು ಅನಿಸಿದರೆ ನನಗೆ ಬರೆಯಿರಿ.