ಹೆಚ್ಚು ಹಣವಿಲ್ಲದೆ ಕಲಾಕೃತಿ ಮತ್ತು ಹಳೆಯ ವಸ್ತುಗಳ ಸಂಗ್ರಹ ಆರಂಭಿಸುವುದು ಹೇಗೆ?

ತಿಂಗಳ ಸಂಬಳದಲ್ಲೇ ಇಂಥ ಹವ್ಯಾಸ ಸಾಧ್ಯವೇ, ಮೊದಲು ಏನನ್ನು ಕೊಳ್ಳಬೇಕು ಎಂದು ಕೇಳಿದ್ದೀರಿ. ಖಂಡಿತ ಸಾಧ್ಯ. ಆದರೆ ಮೊದಲು ಕೊಳ್ಳಬೇಕಾದದ್ದು ದಪ್ಪ ರಟ್ಟಿನ ಒಂದು ನೋಟುಪುಸ್ತಕ. ನಾನು ಕೊಪ್ಪಳದವನು, ಕಿನ್ನಾಳದ ಮರದ ಗೊಂಬೆಗಳನ್ನೂ ಕಂಪನಿ ನಾಟಕಗಳ ಕರಪತ್ರಗಳನ್ನೂ ಕೂಡಿಡುತ್ತ ಬಂದಿದ್ದೇನೆ. ನಮ್ಮ ಭಾಗದಲ್ಲಿ ಒಳ್ಳೆಯ ವಸ್ತುಗಳಿಗೆ ಬರವಿಲ್ಲ. ಅದು ಯಾರ ಕೈಕೆಲಸ, ಯಾವ ಊರಿನದು, ಯಾರ ಮನೆಯಿಂದ ಬಂತು ಎಂದು ಬರೆದಿಟ್ಟವರು ಮಾತ್ರ ಕಡಿಮೆ.

ಬರೆದಿಟ್ಟವರೊಬ್ಬರ ಹೆಸರು ಬಳ್ಳಾರಿಯಲ್ಲಿ ಇನ್ನೂ ಉಳಿದಿದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ (1834-1912) ಸಂಗನಕಲ್ಲು, ಕಪ್ಪಗಲ್ಲು ಮೊದಲಾದ ಕಡೆ ಆರಿಸಿದ ಕಲ್ಲಿನ ಕೊಡಲಿ, ಮಡಕೆ ಚೂರುಗಳನ್ನು, ಅವು ದೊರೆತ ಜಾಗದ ಹೆಸರಿನೊಂದಿಗೆ ಪಟ್ಟಿ ಮಾಡಿದರು. ಆ ಸಂಗ್ರಹವನ್ನು 1904ರಲ್ಲಿ ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ ಕೊಂಡಿತು. ಜಾಗದ ಹೆಸರಿಲ್ಲದಿದ್ದರೆ ಅವುಗಳಲ್ಲಿ ಎಷ್ಟೋ ಬರಿಯ ಕಲ್ಲುಗಳಾಗಿಯೇ ಉಳಿಯುತ್ತಿದ್ದವು.

ಇನ್ನು ಕಿನ್ನಾಳದ ವಿಷಯ. ಬಣ್ಣ ಚಕ್ಕೆಯೆದ್ದ ಹಳೆಯ ಗೊಂಬೆ ಸಿಕ್ಕರೆ ದಯವಿಟ್ಟು ಹೊಸ ಬಣ್ಣ ಹೊಡೆಸಬೇಡಿ. ಆ ಚಕ್ಕೆಯೆದ್ದ ಜಾಗವನ್ನೇ ಬೆಳಕಿಗೆ ಹಿಡಿದು ನೋಡಿ. ಎಲ್ಲಕ್ಕಿಂತ ಒಳಗೆ ಹಗುರವಾದ ಮರ. ಬಿಡಿಭಾಗಗಳನ್ನು ಕೂಡಿಸಿದಲ್ಲಿ ಮರದ ಹೊಟ್ಟು, ಸೆಣಬಿನ ಪುಡಿ ಮತ್ತು ಹುಣಸೆಬೀಜದ ಅಂಟು ಸೇರಿಸಿ ಮಾಡಿದ ಕಿಟ್ಟ. ಅದರ ಮೇಲೆ ಅದೇ ಅಂಟಿನಲ್ಲಿ ಹಚ್ಚಿದ ಬಟ್ಟೆಯ ತುಣುಕುಗಳು, ಕಲ್ಲಿನ ಪುಡಿಯ ಲೇಪ, ಕೊನೆಗೆ ಬಣ್ಣ. ಒಡವೆಗಳ ಉಬ್ಬುಗೆರೆಗಳು ಬರುವುದೂ ಆ ಕಲ್ಲಿನ ಪುಡಿಯಿಂದಲೇ. ಲೋಹದ ಹೊಳಪಿಗೆ ತವರದಿಂದ ಮಾಡಿದ ಲಾಜವಾರ ಬಳಿಯುತ್ತಾರೆ. ಅಂಗಡಿಯ ಡಬ್ಬಿ ಬಣ್ಣದ ಗೊಂಬೆಗಳೂ ಸಿಗುತ್ತವೆ. ಅವನ್ನು ನಾನು ಕೀಳೆಂದು ತಿಳಿಯುವುದಿಲ್ಲ, ಆದರೆ ಯಾವ ಬಣ್ಣವೆಂದು ಗೊಂಬೆ ಮಾಡುವ ಚಿತ್ರಗಾರರನ್ನೇ ಕೇಳಿ ಅಲ್ಲೇ ಬರೆದುಕೊಳ್ಳಿ. ಕೇಳಿದರೆ ಅವರು ಸಂತೋಷದಿಂದ ಹೇಳುತ್ತಾರೆ. ಬೆಲೆಯಲ್ಲಿ ಚೌಕಾಶಿ ಮಾಡುವವರಿಗೆ ಅಷ್ಟು ಹೇಳಲಾರರು, ಅದು ನ್ಯಾಯವೇ.

ನಾಟಕದ ಕರಪತ್ರಗಳು ಅಗ್ಗದ ಕಾಗದದವು, ಮಡಿಕೆಯಲ್ಲೇ ಮುರಿಯುತ್ತವೆ. ಹಾಗೆಂದು ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಯೂ ಅಂಟೂ ಕಾಗದಕ್ಕೆ ಕೂಡಿಕೊಂಡ ಮೇಲೆ ಬಿಡಿಸಲಾಗುವುದಿಲ್ಲ. ಬಿಸಿಲು ಬೀಳದ ಕಡೆ ಚಪ್ಪಟೆಯಾಗಿ ಇಟ್ಟರೆ ಸಾಕು. ತೊಗಲುಗೊಂಬೆಗಳನ್ನೂ ಹತ್ತಿಬಟ್ಟೆಗಳ ನಡುವೆ ಹಾಗೆಯೇ ಇಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತೇವ ಹಿಡಿದು ಬೂಸ್ಟು ಬರುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಆನೆಗೊಂದಿ, ಹಂಪಿಯ ಸುತ್ತಿನ ಹೊಲದಲ್ಲಿ ಸಿಕ್ಕಿದ್ದೆಂದು ಯಾರಾದರೂ ನಾಣ್ಯವನ್ನೋ ಮೂರ್ತಿಯನ್ನೋ ತೋರಿಸಿದರೆ ಮುಟ್ಟಬೇಡಿ. ಕರ್ನಾಟಕದ 1962ರ ನಿಧಿ ಕಾಯ್ದೆಯಂತೆ ನೆಲದಲ್ಲಿ ಹುದುಗಿದ್ದು ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ಚಿತ್ರ ಮೊದಲಾದವು ಪುರಾವಸ್ತುಗಳು. ಮಹತ್ವದ ಹಸ್ತಪ್ರತಿಗಳಿಗೆ ಎಪ್ಪತ್ತೈದು ವರ್ಷ ಸಾಕು. ಖಾಸಗಿಯವರು ಅವನ್ನು ದೇಶದ ಹೊರಗೆ ಸಾಗಿಸುವಂತಿಲ್ಲ. ಶಿಲ್ಪ, ಚಿತ್ರಗಳಂಥವನ್ನು ಮನೆಯಲ್ಲಿಟ್ಟುಕೊಳ್ಳಲೂ ನೋಂದಣಿ ಬೇಕು.

ಆದ್ದರಿಂದ ಈಗ ಕೆಲಸ ಮಾಡುತ್ತಿರುವವರಿಂದಲೇ ಆರಂಭಿಸಿ. ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಪಡೆದ ಭೀಮವ್ವ ಶಿಳ್ಳೇಕ್ಯಾತರ ಅವರು ನಮ್ಮ ಜಿಲ್ಲೆಯ ಮೊರನಾಳದವರು. ಕಿನ್ನಾಳವಂತೂ ಕೊಪ್ಪಳದ ಪಕ್ಕದಲ್ಲೇ ಇದೆ. ಒಂದು ಚಿಕ್ಕ ಗೊಂಬೆಯನ್ನು ಮಾಡಿದವರ ಕೈಯಿಂದಲೇ ಕೊಂಡು, ಅವರ ಹೆಸರು, ದಿನಾಂಕ ಮತ್ತು ಕೊಟ್ಟ ಬೆಲೆಯನ್ನು ನೋಟುಪುಸ್ತಕದ ಮೊದಲ ಪುಟದಲ್ಲಿ ಬರೆಯಿರಿ.