ಐದು ಸೆಕ್ಷನ್ ಎಂದರೆ ಐದು ಕೇಸಲ್ಲ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ
ಉತ್ತರಿಸುವವರು: ಚುನಾವಣಾ ಶಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಶಿರಸ್ತೇದಾರರೊಬ್ಬರು, ದಾವಣಗೆರೆ

ಪ್ರಶ್ನೆ: 2018 ಮತ್ತು 2023ರ ವಿಧಾನಸಭಾ ಚುನಾವಣೆಗಳಲ್ಲಿ ಸ್ಪರ್ಧಿಸಿದ್ದ, ಮುಂದೆಯೂ ಸ್ಪರ್ಧಿಸಲಿರುವ ಮುಖಂಡರೊಬ್ಬರ ಮೇಲೆ ಐದು ಕ್ರಿಮಿನಲ್ ಕೇಸುಗಳಿವೆ, ಐದು ವರ್ಷದಲ್ಲಿ ಅವರ ಆಸ್ತಿ ನಾಲ್ಕು ಪಟ್ಟಾಗಿದೆ ಎಂಬ ಸಂದೇಶ ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹರಿದಾಡುತ್ತಿದೆ. ಅವರ ಕಡೆಯವರು ಎಲ್ಲವೂ ಸುಳ್ಳು ಎನ್ನುತ್ತಾರೆ. ಯಾರನ್ನು ನಂಬಬೇಕು? (ನಿಟುವಳ್ಳಿಯ ಓದುಗರು)

ಉತ್ತರ: ಇಬ್ಬರನ್ನೂ ನಂಬಬೇಡಿ, ನಮೂನೆ 26ನ್ನು ತೆರೆದು ಓದಿ. ಅಭ್ಯರ್ಥಿ ನಾಮಪತ್ರದೊಂದಿಗೆ ಸಲ್ಲಿಸುವ ಆ ಪ್ರಮಾಣಪತ್ರ ಚುನಾವಣಾ ಆಯೋಗದ ಜಾಲತಾಣದಲ್ಲಿ ಎಲ್ಲಿದೆ ಎಂದು ಕೇಳಿ ದಯವಿಟ್ಟು ಮತ್ತೆ ಪತ್ರ ಬರೆಯಬೇಡಿ. ಮೊಬೈಲಿನಲ್ಲಿ ಮದುವೆ ಛತ್ರ ಹುಡುಕಬಲ್ಲವರಿಗೆ ಅದನ್ನು ಹುಡುಕುವುದೂ ಕಷ್ಟವಲ್ಲ. ನನಗೆ ಬೇಸರ ತರಿಸುವುದು ಬೇರೆ ಸಂಗತಿ: ಅದನ್ನು ತೆರೆದವರೂ ಮೊತ್ತವನ್ನಷ್ಟೇ ನೋಡಿ ಮುಚ್ಚುತ್ತಾರೆ.

ಮೊದಲು ಐದು ಕೇಸಿನ ಮಾತು. ಪ್ರಮಾಣಪತ್ರದಲ್ಲಿ ಬಾಕಿ ಇರುವ ಪ್ರಕರಣಗಳ ಕೋಷ್ಟಕವಿದ್ದು, ಅದರಲ್ಲಿ ಎಫ್‌ಐಆರ್ ಸಂಖ್ಯೆ, ಠಾಣೆ, ನ್ಯಾಯಾಲಯ, ಪ್ರಕರಣ ಸಂಖ್ಯೆ, ಕಲಂಗಳು ಅಂದರೆ ಸೆಕ್ಷನ್ನುಗಳು, ದೋಷಾರೋಪ ಹೊರಿಸಲಾಗಿದೆಯೇ ಎಂಬುದೆಲ್ಲ ಬೇರೆ ಬೇರೆ ಇರುತ್ತದೆ. ಭದ್ರಾ ನಾಲೆಯ ಕೊನೆಯ ಭಾಗಕ್ಕೆ ನೀರು ಬರಲಿಲ್ಲವೆಂದು ರೈತರ ಜೊತೆ ಹೆದ್ದಾರಿಯಲ್ಲಿ ಕುಳಿತ ಮುಖಂಡನ ಮೇಲೆ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 143, 147, 283, 341, 149ನೇ ಕಲಂಗಳು ಒಂದೇ ಎಫ್‌ಐಆರ್‌ನಲ್ಲಿ ಸಾಲಾಗಿ ಕೂರುತ್ತವೆ. ಅಕ್ರಮ ಕೂಟ, ದೊಂಬಿ, ಸಾರ್ವಜನಿಕ ದಾರಿಗೆ ಅಡ್ಡಿ, ಅಕ್ರಮ ತಡೆ, ಸಮಾನ ಉದ್ದೇಶ ಎಂದು ಬಿಡಿಸಿ ಓದಿದರೆ ಎಂಥವರಿಗೂ ಎದೆ ಧಸಕ್ಕೆನ್ನುತ್ತದೆ, ಆದರೆ ಅದು ಒಂದು ಮಧ್ಯಾಹ್ನದ ಒಂದೇ ರಸ್ತೆ ತಡೆ. ಸಂದೇಶ ಬರೆದವರು ಕಲಂಗಳನ್ನು ಎಣಿಸಿ ಐದು ಕೇಸು ಮಾಡಿದ್ದಾರೆಯೇ ಎಂದು ನೋಡಿ. ಇದಕ್ಕೆ ವಿರುದ್ಧವಾಗಿ, ಕೋಷ್ಟಕದಲ್ಲಿ ಒಂದೇ ಒಂದು ಸಾಲಿದ್ದು, ಅದು ಸಹಕಾರ ಸಂಘದ ಹಣಕ್ಕೆ ಸಂಬಂಧಿಸಿದ ನಂಬಿಕೆ ದ್ರೋಹದ 409 ಆಗಿದ್ದರೆ, ಆ ಒಂದು ಸಾಲು ರಸ್ತೆ ತಡೆಯ ಹತ್ತು ಸಾಲುಗಳಿಗಿಂತ ತೂಕದ್ದು. ‘ಒಂದೇ ಕೇಸು, ಅದೂ ರಾಜಕೀಯ ಪ್ರೇರಿತ’ ಎಂಬ ಬೆಂಬಲಿಗರ ಮಾತು ಅಲ್ಲಿ ನಡೆಯುವುದಿಲ್ಲ.

ಕೇಸು ಯಾವ ಹಂತದಲ್ಲಿದೆ ಎಂಬುದು ಮುಂದಿನ ವಿಷಯ. ಎಫ್‌ಐಆರ್ ಎಂದರೆ ಯಾರೋ ದೂರು ಕೊಟ್ಟರು, ಠಾಣೆಯವರು ಬರೆದುಕೊಂಡರು ಎಂದಷ್ಟೇ ಅರ್ಥ. ತನಿಖೆಯ ನಂತರ, ಕೇಸು ಮುಚ್ಚಬಹುದೆಂದು ಪೊಲೀಸರು ಕೊಡುವ ಬಿ ರಿಪೋರ್ಟ್ ಹೋಗಿರಬಹುದು, ಆರೋಪಪಟ್ಟಿ ಹೋಗಿರಬಹುದು. ನ್ಯಾಯಾಧೀಶರು ದೋಷಾರೋಪ ಹೊರಿಸಿದ್ದರೆ ಮಾತ್ರ ವಿಷಯ ವಿಚಾರಣೆಯ ಮಟ್ಟಕ್ಕೆ ಬಂದಿತೆಂದು ತಿಳಿಯಬೇಕು. ಬಿ ರಿಪೋರ್ಟ್ ಬಿದ್ದ ಮಾತ್ರಕ್ಕೆ ದೂರು ಸುಳ್ಳೆಂದೂ ಅಲ್ಲ, ದೂರುದಾರರು ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದವರು ಪ್ರಜಾಪ್ರತಿನಿಧಿ ಕಾಯ್ದೆಯ 8(3)ರಂತೆ ಅನರ್ಹರಾಗುತ್ತಾರೆ; ಕೇಸಿದ್ದರೆ ಸಾಕು, ನಿಲ್ಲುವಂತಿಲ್ಲ ಎಂಬ ಕಟ್ಟೆಪುರಾಣಕ್ಕೆ ಆಧಾರವಿಲ್ಲ.

ಪ್ರಕರಣ ಸಂಖ್ಯೆ ಸಿಕ್ಕ ಮೇಲೆ, ನ್ಯಾಯಾಲಯಗಳ ಕೇಸುಗಳ ವಿವರ ಸಿಗುವ ಇ-ಕೋರ್ಟ್ಸ್ ತಾಣದಲ್ಲಿ ಅದೇ ಸಂಖ್ಯೆಯಿಂದ ಹುಡುಕಿ, ಹೆಸರಿನಿಂದ ಬೇಡ. ನಮ್ಮ ಜಿಲ್ಲೆಯಲ್ಲಿ ಬಸವರಾಜಪ್ಪ, ಹನುಮಂತಪ್ಪ ಎಂದು ಹುಡುಕಿದರೆ ಊರಿಗೆ ಊರೇ ಕಟಕಟೆಯಲ್ಲಿ ನಿಂತಂತೆ ಕಾಣುತ್ತದೆ. ಹಾಲಿ ಅಥವಾ ಮಾಜಿ ಶಾಸಕರ ಪ್ರಕರಣ ಬೆಂಗಳೂರಿನ ವಿಶೇಷ ನ್ಯಾಯಾಲಯಕ್ಕೆ ವರ್ಗವಾಗಿರಬಹುದಾದ್ದರಿಂದ, ದಾವಣಗೆರೆಯ ಪಟ್ಟಿಯಲ್ಲಿ ಕಾಣಲಿಲ್ಲವೆಂದು ಕೇಸೇ ಇಲ್ಲವೆಂದು ತೀರ್ಮಾನಿಸಬೇಡಿ.

ಇನ್ನು ಆಸ್ತಿ. 2018ರ ಮತ್ತು 2023ರ ಪ್ರಮಾಣಪತ್ರಗಳನ್ನು ಪಕ್ಕಪಕ್ಕ ಇಟ್ಟು, ರೂಪಾಯಿಯನ್ನು ಬಿಟ್ಟು ಸರ್ವೆ ನಂಬರ್ ಮತ್ತು ಎಕರೆ-ಗುಂಟೆಗಳನ್ನು ಹೋಲಿಸಿ. ಸ್ಥಿರಾಸ್ತಿಯ ಭಾಗದಲ್ಲಿ ಕೊಂಡ ದಿನಾಂಕ, ಕೊಂಡಾಗಿನ ಬೆಲೆ, ಇಂದಿನ ಅಂದಾಜು ಮಾರುಕಟ್ಟೆ ಬೆಲೆ ಪ್ರತ್ಯೇಕವಾಗಿರುತ್ತವೆ. ಬೈಪಾಸಿನ ಪಕ್ಕದಲ್ಲಿ ಅಪ್ಪನ ಕಾಲದಿಂದ ಬಂದ ನಾಲ್ಕು ಎಕರೆ ಖುಷ್ಕಿ ಜಮೀನು ಸುತ್ತ ಲೇಔಟ್ ಎದ್ದ ಕಾರಣಕ್ಕೆ ನಾಲ್ಕು ಪಟ್ಟಾದರೆ, ಅದು ಆ ಮನುಷ್ಯನ ಕೈಚಳಕವಲ್ಲ. ಆದರೆ 2018ರಲ್ಲಿ ಇಲ್ಲದ ಸರ್ವೆ ನಂಬರ್‌ಗಳು 2023ರಲ್ಲಿ ಕಾಣಿಸಿಕೊಂಡಿದ್ದರೆ, ಅದೇ ಪ್ರಮಾಣಪತ್ರದಲ್ಲಿರುವ ಐದು ವರ್ಷಗಳ ಆದಾಯ ವಿವರವನ್ನೂ ಸಾಲದ ಪಟ್ಟಿಯನ್ನೂ ನೋಡಿ. ಆ ಆದಾಯ, ಆ ಸಾಲ ಎರಡನ್ನೂ ಕೂಡಿಸಿದರೂ ಕೊಂಡ ಬೆಲೆ ಹುಟ್ಟದಿದ್ದರೆ, ಆಗ ನೀವು ಕೇಳುವ ಪ್ರಶ್ನೆ ಗಾಳಿಸುದ್ದಿಯಲ್ಲ, ನ್ಯಾಯವಾದ ಪ್ರಶ್ನೆ. ಪತ್ನಿ ಮತ್ತು ಅವಲಂಬಿತರ ಅಂಕಣವನ್ನು ಬಿಟ್ಟು ಓದುವವರು ಓದದಿರುವುದೇ ವಾಸಿ. ಅನುಮಾನವಿದ್ದ ಸರ್ವೆ ನಂಬರಿನ ಪಹಣಿಯನ್ನು ಸರ್ಕಾರದ ಭೂದಾಖಲೆ ತಾಣ ‘ಭೂಮಿ’ಯಲ್ಲಿ ಯಾರು ಬೇಕಾದರೂ ನೋಡಬಹುದು.

ಒಂದು ಎಚ್ಚರಿಕೆ ಹೇಳಲೇಬೇಕು. ‘ಸುಳ್ಳಿದ್ದರೆ ನಾಮಪತ್ರ ತಿರಸ್ಕಾರವಾಗುತ್ತಿರಲಿಲ್ಲವೇ’ ಎಂದು ವಿದ್ಯಾವಂತರೇ ಕೇಳುತ್ತಾರೆ. ಪರಿಶೀಲನೆಯ ದಿನ ಚುನಾವಣಾಧಿಕಾರಿ ಪ್ರಮಾಣಪತ್ರದ ಸತ್ಯಾಸತ್ಯತೆಯನ್ನು ತನಿಖೆ ಮಾಡುವುದಿಲ್ಲ. ಅಂಕಣಗಳನ್ನು ಖಾಲಿ ಬಿಟ್ಟು, ನೆನಪಿಸಿದ ಮೇಲೂ ತುಂಬದಿದ್ದರೆ ತಿರಸ್ಕರಿಸಬಹುದೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ, ಅಷ್ಟೇ. ಪ್ರಮಾಣಪತ್ರವೆಂಬುದು ಅಭ್ಯರ್ಥಿ ತನ್ನ ಬಗ್ಗೆ ತಾನೇ ಆಣೆ ಮಾಡಿ ಬರೆದುಕೊಟ್ಟ ಮಾತು. ಒಪ್ಪಿಕೊಂಡದ್ದನ್ನು ನಂಬಬಹುದು, ಬರೆಯದೇ ಬಿಟ್ಟದ್ದನ್ನು ಇಲ್ಲವೆಂದು ನಂಬಲಾಗದು. ಸುಳ್ಳು ಬರೆದರೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ ಇವೆ, ಆದರೆ ಅದಕ್ಕೆ ದಾಖಲೆ ಬೇಕು. ಒಮ್ಮೆ ಪರಿಶೀಲನೆಯ ಹೊತ್ತಿಗೆ ಒಬ್ಬರು ಮೊಬೈಲನ್ನೇ ಮೇಜಿನ ಮೇಲಿಟ್ಟು, ‘ಸಾರ್, ಇದೇ ಸಾಕ್ಷಿ, ಐವತ್ತು ಗ್ರೂಪಿಗೆ ಹೋಗಿದೆ’ ಎಂದಿದ್ದರು. ಎಫ್‌ಐಆರ್ ಸಂಖ್ಯೆ ಎಲ್ಲಿ ಎಂದು ಕೇಳಿದ್ದಕ್ಕೆ, ಅದನ್ನು ನೀವೇ ಹುಡುಕಿಕೊಳ್ಳಬೇಕು ಎಂದರು.

ಪ್ರಶ್ನೆ: 500 ರೂಪಾಯಿ ಕೊಟ್ಟರೆ ಅಭ್ಯರ್ಥಿಯ ‘ಪೂರ್ಣ ಜಾತಕ’ ತೆಗೆದುಕೊಡುತ್ತೇವೆ ಎನ್ನುವವರಿದ್ದಾರೆ. ಕೊಡಬಹುದೇ? (ಹರಿಹರ)

ಉತ್ತರ: ಪುಕ್ಕಟೆ ಸಿಗುವ ನಮೂನೆ 26ನ್ನು ಪ್ರಿಂಟ್ ತೆಗೆದು ಮಾರುವ ಕಸುಬು ಅದು; ಆ ಹಣದಲ್ಲಿ ಮನೆಮಂದಿಗೆಲ್ಲ ಬೆಣ್ಣೆ ದೋಸೆ ಕೊಡಿಸಿ.

ಪ್ರಶ್ನೆ: ಮುದ್ರಕರ ಹೆಸರಿಲ್ಲದ ಕರಪತ್ರ ಬಾಗಿಲಿಗೆ ಬಂದಿದೆ. ಅದರಲ್ಲಿರುವುದು ನಿಜವೇ? (ಜಗಳೂರು)

ಉತ್ತರ: ಮುದ್ರಕ ಮತ್ತು ಪ್ರಕಾಶಕರ ಹೆಸರು, ವಿಳಾಸ ಇಲ್ಲದ ಚುನಾವಣಾ ಕರಪತ್ರವೇ ಅದೇ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಪ್ರಕಾರ ಅಪರಾಧ, ಚುನಾವಣಾಧಿಕಾರಿಗೆ ತಲುಪಿಸಿ.

ಪ್ರಶ್ನೆ: ಒಬ್ಬ ಅಭ್ಯರ್ಥಿಯ ಸಂಸಾರದ ಬಗ್ಗೆ ಕೇಳಿಬರುತ್ತಿರುವ ಮಾತು ನಿಜವೇ? (ಹೆಸರು ಬೇಡ)

ಉತ್ತರ: ಹೆಸರು ಬೇಡವೆಂದು ಬರೆಯುವಾಗಲೇ ನಿಮಗೆ ಉತ್ತರ ಗೊತ್ತಿತ್ತು.

ಪ್ರಶ್ನೆ: ನಾನು ಬರೆದದ್ದಲ್ಲ, ಬಂದದ್ದನ್ನು ಫಾರ್ವರ್ಡ್ ಮಾಡಿದೆ. ನನಗೇನಾದರೂ ತೊಂದರೆಯೇ? (ಚನ್ನಗಿರಿ)

ಉತ್ತರ: ಹಳೆಯ ದಂಡ ಸಂಹಿತೆಯ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 175ನೇ ಕಲಂ, ಚುನಾವಣೆಯ ಫಲಿತಾಂಶದ ಮೇಲೆ ಪರಿಣಾಮ ಬೀರುವ ಉದ್ದೇಶದಿಂದ ಅಭ್ಯರ್ಥಿಯ ವೈಯಕ್ತಿಕ ನಡತೆಯ ಬಗ್ಗೆ, ಸುಳ್ಳೆಂದು ತಿಳಿದೂ ಅಥವಾ ನಿಜವೆಂಬ ನಂಬಿಕೆಯಿಲ್ಲದೆಯೂ, ಸಂಗತಿಯೆಂಬಂತೆ ಹೇಳಿದವರನ್ನಷ್ಟೇ ಅಲ್ಲ, ಪ್ರಕಟಿಸಿದವರನ್ನೂ ಹಿಡಿಯುತ್ತದೆ. ಶಾಸಕರು ಐದು ವರ್ಷ ರಸ್ತೆ ಮಾಡಿಸಲಿಲ್ಲ ಎಂದು ಬೈದು ಕಳಿಸಿ, ಅದು ನಿಮ್ಮ ಹಕ್ಕು. ಕಂಟ್ರಾಕ್ಟರರಿಂದ ಇಂತಿಷ್ಟು ಲಕ್ಷ ತಿಂದರು ಎಂದು ಕಳಿಸುವ ಮುಂಚೆ ಯಾವ ಕಾಗದದಲ್ಲಿದೆ ಎಂದು ನಿಮಗೆ ಕಳಿಸಿದವರನ್ನು ಕೇಳಿ.